ಎಲ್ಲ ಕಿರೀಟಗಳೂ ಬೆಂಗಾಲ್ಸ್ ತಲೆಗೆ, ಪ್ಲೇಆಫ್ ಮಾತ್ರ ಇಲ್ಲ: 2024ರ ಎನ್‌ಎಫ್‌ಎಲ್ ಲೆಕ್ಕ

ಪ್ರಶ್ನೆ: ಕೆಲಸದ ಮೇಲೆ ಸಿನ್ಸಿನಾಟಿಗೆ ಬಂದು ಕೆಲವು ವರ್ಷ ಆಯಿತು. ಕ್ರಿಕೆಟ್ ನೋಡಿ ಬೆಳೆದವನು ನಾನು, ಇಲ್ಲಿ ಬಂದ ಮೇಲೆ ಅಮೆರಿಕನ್ ಫುಟ್‌ಬಾಲ್, ಅದರಲ್ಲೂ ಈ ಊರಿನ ಎನ್‌ಎಫ್‌ಎಲ್ ತಂಡ ಬೆಂಗಾಲ್ಸ್ ಹುಚ್ಚು ಹಿಡಿದಿದೆ. 2024ರ ಸೀಸನ್‌ನಲ್ಲಿ ಇಡೀ ಲೀಗ್‌ನಲ್ಲೇ ಅತಿ ಹೆಚ್ಚು ಪಾಸಿಂಗ್ ಯಾರ್ಡ್ (ಪಾಸ್ ಎಸೆದು ಮುಂದೆ ಸಾಗಿದ ದೂರ) ನಮ್ಮ ಕ್ವಾರ್ಟರ್‌ಬ್ಯಾಕ್, ಅಂದರೆ ಪಾಸ್ ಎಸೆಯುವ ಆಟಗಾರ, ಜೋ ಬರೋನದು. ಅತಿ ಹೆಚ್ಚು ಕ್ಯಾಚ್ ಜಮಾರ್ ಚೇಸ್‌ದು. ಅತಿ ಹೆಚ್ಚು ಸ್ಯಾಕ್, ಅಂದರೆ ಪಾಸ್ ಎಸೆಯುವ ಮೊದಲೇ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದ್ದು, ಟ್ರೇ ಹೆಂಡ್ರಿಕ್ಸನ್‌ದು. ಆದರೂ ಪ್ಲೇಆಫ್ ಸಿಗಲಿಲ್ಲ. ಅದೇ ಕಾನ್ಸಾಸ್ ಸಿಟಿ ಚೀಫ್ಸ್ ಸಾಧಾರಣ ಅಂಕಿಗಳಲ್ಲೇ 17ರಲ್ಲಿ 15 ಗೆದ್ದರು. ಇದು ಬರೀ ಅದೃಷ್ಟವಾ? ಹಾಗಿದ್ದರೆ ಯಾವ ಅಂಕಿ ನಂಬಬೇಕು? ಆ ಸೀಸನ್‌ನಲ್ಲಿ ನಿಮಗೆ ತೀರಾ ವಿಚಿತ್ರ ಅನ್ನಿಸಿದ್ದು ಯಾವುದು?

ಉತ್ತರ: ಮೊದಲು ನಿಮ್ಮ ಹೊಟ್ಟೆ ಇನ್ನೂ ಸ್ವಲ್ಪ ಉರಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ ಸೀಸನ್‌ನ 17 ಪಂದ್ಯಗಳಲ್ಲಿ ಚೀಫ್ಸ್ ಗಳಿಸಿದ್ದು 385 ಅಂಕ, ಬಿಟ್ಟುಕೊಟ್ಟಿದ್ದು 326. ಅಂತರ 59. ನಿಮ್ಮ ಬೆಂಗಾಲ್ಸ್ ಗಳಿಸಿದ್ದು 472, ಬಿಟ್ಟುಕೊಟ್ಟಿದ್ದು 434. ಅಂತರ 38. ಅಂದರೆ ನಾಲ್ಕು ತಿಂಗಳು ಆಡಿದ ಮೇಲೆ ಎರಡು ತಂಡಗಳ ನಡುವೆ ಉಳಿದದ್ದು 21 ಅಂಕ, ಮೂರು ಟಚ್‌ಡೌನ್‌ಗಳಷ್ಟು (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದೇ ಟಚ್‌ಡೌನ್). ಆದರೆ ಗೆಲುವಿನ ಪಟ್ಟಿಯಲ್ಲಿ ಒಂದು 15-2, ಇನ್ನೊಂದು 9-8. ಆರು ಗೆಲುವಿನ ವ್ಯತ್ಯಾಸ!

ಈ ಅಂಕಗಳ ಅಂತರವನ್ನು ನೀವು ಐಪಿಎಲ್‌ನ ನೆಟ್ ರನ್‌ರೇಟ್ ಥರ ಅಂದುಕೊಳ್ಳಿ. ಎಷ್ಟು ಗೆದ್ದರು ಅಂತ ಅದು ಹೇಳುವುದಿಲ್ಲ, ಹೇಗೆ ಗೆದ್ದರು ಅಂತ ಹೇಳುತ್ತದೆ. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಚೀಫ್ಸ್ ಕೊನೆಯ ಲೀಗ್ ಪಂದ್ಯಕ್ಕೆ ಮುಖ್ಯ ಆಟಗಾರರನ್ನೆಲ್ಲ ಕೂರಿಸಿ ಡೆನ್ವರ್ ಬ್ರಾಂಕೋಸ್ ಎದುರು 38-0ಯಿಂದ ಸೋತರು. ಅದನ್ನು ತೆಗೆದರೆ ಅವರ ಅಂತರ 97 ಆಗುತ್ತದೆ. ಚೆನ್ನಾಗಿದೆ, ಆದರೆ 16 ಪಂದ್ಯದಲ್ಲಿ 15 ಗೆದ್ದ ತಂಡದ ಅಂತರ ಅಂತ ಹೇಳಿದರೆ ಯಾರೂ ನಂಬುವುದಿಲ್ಲ. ಅದೇ ಸೀಸನ್‌ನಲ್ಲಿ ಅಷ್ಟೇ ಪಂದ್ಯ ಗೆದ್ದ ಡೆಟ್ರಾಯಿಟ್ ಲಯನ್ಸ್‌ನ ಅಂತರ 222!

ಹಾಗಾದರೆ ಚೀಫ್ಸ್ ಗೆದ್ದದ್ದು ಹೇಗೆ? ಕೂದಲೆಳೆಯಲ್ಲಿ. ಟಚ್‌ಡೌನ್‌ಗೆ ಆರು ಅಂಕ, ಅದರ ಮೇಲೆ ಕಿಕ್‌ಗೆ ಒಂದು, ಕಿಕ್ ಬಿಟ್ಟು ಇನ್ನೊಂದು ಸಲ ಗೆರೆ ದಾಟಿದರೆ ಎರಡು. ಅಂದರೆ ಒಂದೇ ಏಟಿಗೆ ಹೆಚ್ಚೆಂದರೆ ಎಂಟು. ಅದಕ್ಕೇ ಎಂಟು ಅಥವಾ ಅದಕ್ಕಿಂತ ಕಡಿಮೆ ಅಂಕದಲ್ಲಿ ಮುಗಿದ ಪಂದ್ಯವನ್ನು ಇಲ್ಲಿನವರು ಒನ್ ಸ್ಕೋರ್ ಗೇಮ್ ಅನ್ನುತ್ತಾರೆ. 2024ರ ಲೀಗ್ ಹಂತದಲ್ಲಿ ಚೀಫ್ಸ್ ಇಂಥ ಪಂದ್ಯ ಆಡಿದ್ದು 11, ಗೆದ್ದದ್ದೂ 11. ಬೆಂಗಾಲ್ಸ್ ಆಡಿದ್ದೂ 11, ಗೆದ್ದದ್ದು 4.

ಈಗ ಉಳಿದ ಆರಾರು ಪಂದ್ಯ ನೋಡಿ. ಎಂಟು ಅಂಕಕ್ಕಿಂತ ಜಾಸ್ತಿ ಅಂತರದಲ್ಲಿ ಮುಗಿದವು ಅವು, ಕೊನೆಯ ನಿಮಿಷದ ಗಲಾಟೆ ಇಲ್ಲದವು. ಅವುಗಳಲ್ಲಿ ಚೀಫ್ಸ್ 4-2, ಬೆಂಗಾಲ್ಸ್ 5-1. ಆರಾಮಾಗಿ ಗೆಲ್ಲುವ ವಿಷಯಕ್ಕೆ ಬಂದರೆ ನಿಮ್ಮ ತಂಡವೇ ಒಂದು ಹೆಜ್ಜೆ ಮುಂದೆ. ಸೂಪರ್ ಬೌಲ್ ಫೈನಲ್‌ಗೆ ಹೋದ ತಂಡ ಒಂದು, ಜನವರಿ ಮೊದಲ ವಾರವೇ ಮನೆಗೆ ಹೋದ ತಂಡ ಇನ್ನೊಂದು, ಅಲ್ವಾ? ಇಡೀ ಸೀಸನ್‌ನ ಲೆಕ್ಕದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದೇ. ಯಾವ ಟಿವಿ ಪರದೆಯ ಮೇಲೂ ಇದು ಬರುವುದಿಲ್ಲ, ಸ್ಕೋರುಗಳನ್ನು ಮುಂದಿಟ್ಟುಕೊಂಡು ಕೈಯಾರೆ ಎಣಿಸಬೇಕು.

ಆ 11 ಪಂದ್ಯಗಳು ಮುಗಿದ ರೀತಿ ನೋಡಿದರೆ ನಗು ಬರುತ್ತದೆ. ಮೊದಲ ಪಂದ್ಯ ಬಾಲ್ಟಿಮೋರ್ ರೇವನ್ಸ್ ಜೊತೆ, ಗಡಿಯಾರ ಸೊನ್ನೆಗೆ ಬಂದಾಗ ರೇವನ್ಸ್‌ನ ಐಸಾಯಾ ಲೈಕ್ಲಿ ಗೆರೆಯಾಚೆಯ ಎಂಡ್ ಜೋನ್‌ನಲ್ಲಿ ಚೆಂಡು ಹಿಡಿದ. ಟಚ್‌ಡೌನ್ ಅಂತ ಕೊಟ್ಟೂ ಆಯಿತು. ಆಮೇಲೆ ರೀಪ್ಲೇ ನೋಡಿದರೆ ಶೂ ತುದಿ ಹೊರಗಿನ ಬಿಳಿ ಗೆರೆ ಮೇಲೆ, ಟಚ್‌ಡೌನ್ ರದ್ದು. 27-20. ನವೆಂಬರ್‌ನಲ್ಲಿ ಬ್ರಾಂಕೋಸ್ ಎದುರು 16-14ರಲ್ಲಿ ಮುಂದಿದ್ದಾಗ, ಕೊನೆಯ ಕ್ಷಣದ 35 ಯಾರ್ಡ್ ಫೀಲ್ಡ್ ಗೋಲನ್ನು (ಕಂಬಗಳ ನಡುವೆ ಒದ್ದರೆ ಮೂರು ಅಂಕ) ಚೀಫ್ಸ್‌ನ ಲಿಯೋ ಚೆನಾಲ್ ಕೈ ಅಡ್ಡ ಹಾಕಿ ತಡೆದ. ಅದು ಯಾವ ಕಿಕ್ಕರ್ ಆದರೂ ಕಣ್ಣು ಮುಚ್ಚಿ ಹೊಡೆಯುವ ದೂರ. ಅದೇ ತಿಂಗಳ ಕೊನೆಗೆ ಲಾಸ್ ವೇಗಸ್ ರೇಡರ್ಸ್ 19-17ರಲ್ಲಿ ಹಿಂದಿದ್ದು, ಗೆಲುವಿನ ಕಿಕ್ ಹೊಡೆಯುವಷ್ಟು ಹತ್ತಿರ ಬಂದಿದ್ದರು. ಆಗ ಸೆಂಟರ್ ಆಟಗಾರ ಕ್ವಾರ್ಟರ್‌ಬ್ಯಾಕ್ ತಯಾರಾಗುವ ಮೊದಲೇ ಚೆಂಡು ಹಿಂದಕ್ಕೆ ಕೊಟ್ಟುಬಿಟ್ಟ, ಅದು ಉರುಳಿ ಚೀಫ್ಸ್ ಕೈ ಸೇರಿತು. ಡಿಸೆಂಬರ್‌ನಲ್ಲಿ ಚಾರ್ಜರ್ಸ್ ಎದುರು ಮತ್ತೆ 19-17. ಬದಲಿ ಕಿಕ್ಕರ್ ಮ್ಯಾಥ್ಯೂ ರೈಟ್ ಹೊಡೆದ ಚೆಂಡು ಕಂಬಕ್ಕೆ ಬಡಿದು ಒಳಗೆ ಬಿತ್ತು. ಹೊರಗೆ ಬಿದ್ದಿದ್ದರೆ?

ನಿಮ್ಮ ತಂಡದ ಹೆಸರೂ ಈ ಪಟ್ಟಿಯಲ್ಲಿದೆ, ಮರೆತಿರಲಿಕ್ಕಿಲ್ಲ. ಸೆಪ್ಟೆಂಬರ್ 15. ಬೆಂಗಾಲ್ಸ್ 25-23ರಲ್ಲಿ ಮುಂದೆ, ಚೀಫ್ಸ್‌ಗೆ ನಾಲ್ಕನೇ ಡೌನ್‌ನಲ್ಲಿ, ಅಂದರೆ ಕೊನೆಯ ಪ್ರಯತ್ನದಲ್ಲಿ, 16 ಯಾರ್ಡ್ ಬೇಕು. ಪಂದ್ಯ ಮುಗಿದ ಹಾಗೆಯೇ ಇತ್ತು. ಪ್ಯಾಟ್ರಿಕ್ ಮಹೋಮ್ಸ್ ಎಸೆದ ಪಾಸ್ ಕೂಡ ಪೂರ್ತಿ ಆಗಲಿಲ್ಲ, ಆದರೆ ಬೆಂಗಾಲ್ಸ್ ಆಟಗಾರ ಅಡ್ಡಿ ಮಾಡಿದ ಅಂತ ಪೆನಾಲ್ಟಿ ಬಿತ್ತು. ಚೀಫ್ಸ್ ಕಿಕ್ಕರ್ ಹ್ಯಾರಿಸನ್ ಬಟ್ಕರ್ 51 ಯಾರ್ಡ್‌ನಿಂದ ಹೊಡೆದ. 26-25.

ಇದೆಲ್ಲ ಬರೀ ಅದೃಷ್ಟ ಅಂತ ನಾನು ಹೇಳುವುದಿಲ್ಲ. ಮಹೋಮ್ಸ್ ಥರದ ಕ್ವಾರ್ಟರ್‌ಬ್ಯಾಕ್, ಆಂಡಿ ರೀಡ್ ಥರದ ಕೋಚ್ ಇದ್ದಾಗ ಕೊನೆಯ ಎರಡು ನಿಮಿಷದಲ್ಲಿ ತಲೆ ಕೆಡುವುದು ಕಡಿಮೆ. ಹೀಗಾಗಿ ಹತ್ತು ಬಿಗಿ ಪಂದ್ಯದಲ್ಲಿ ಆರು ಗೆಲ್ಲುತ್ತಾರೆ ಅಂದರೆ ಒಪ್ಪುತ್ತೇನೆ. ಹನ್ನೊಂದಕ್ಕೆ ಹನ್ನೊಂದು ಅಂದರೆ ಒಪ್ಪುವುದಿಲ್ಲ. ಎದುರಾಳಿಯ ಸೆಂಟರ್ ಬೇಗ ಚೆಂಡು ಕೊಡುವ ಹಾಗೆ ಮಾಡುವ ವಿದ್ಯೆ ಯಾವ ಕೋಚ್‌ಗೂ ಗೊತ್ತಿಲ್ಲ.

ಸುಮ್ನೆ ವಾದಕ್ಕೆ ಹೇಳುತ್ತಿಲ್ಲ, ಮುಂದಿನ ವರ್ಷವೇ ಸಾಕ್ಷಿ ಸಿಕ್ಕಿತು. 2025ರಲ್ಲಿ ಅದೇ ಕೋಚ್, ಅದೇ ಕ್ವಾರ್ಟರ್‌ಬ್ಯಾಕ್. ಬಿಗಿ ಪಂದ್ಯಗಳಲ್ಲಿ ಅವರ ದಾಖಲೆ 1-9. ಒಟ್ಟು 6-11. ಡಿಸೆಂಬರ್ ಮಧ್ಯದಲ್ಲಿ ಮಹೋಮ್ಸ್ ಮೊಣಕಾಲಿಗೆ ಪೆಟ್ಟಾಗಿ ಕೊನೆಯ ಮೂರು ಪಂದ್ಯ ಆಡಲಿಲ್ಲ ನಿಜ, ಆದರೆ ಅಷ್ಟರೊಳಗೇ ಎಂಟು ಸೋತಾಗಿತ್ತು. ತಮಾಷೆ ಅಂದರೆ ಆ ವರ್ಷವೂ ಅವರು ಗಳಿಸಿದ ಅಂಕ ಬಿಟ್ಟುಕೊಟ್ಟದ್ದಕ್ಕಿಂತ 34 ಜಾಸ್ತಿಯೇ. 59 ಇದ್ದಾಗ 15 ಗೆಲುವು, 34 ಇದ್ದಾಗ 6 ಗೆಲುವು. ತಂಡ ಅಷ್ಟೊಂದು ಕೆಟ್ಟಿರಲಿಲ್ಲ, ಮೊದಲು ಅಷ್ಟೊಂದು ಒಳ್ಳೆಯದೂ ಆಗಿರಲಿಲ್ಲ. ಇದೇ ಕಥೆ 2022ರಲ್ಲಿ ಮಿನೆಸೋಟ ವೈಕಿಂಗ್ಸ್‌ಗೆ ಆಗಿತ್ತು. ಬಿಗಿ ಪಂದ್ಯಗಳಲ್ಲಿ 11-0, ಒಟ್ಟು 13-4, ಅಂಕಗಳ ಅಂತರ ಮಾತ್ರ ಮೈನಸ್ 3! ಮೊದಲ ಪ್ಲೇಆಫ್ ಪಂದ್ಯದಲ್ಲೇ ಸ್ವಂತ ಮೈದಾನದಲ್ಲಿ ಸೋತರು, ಮುಂದಿನ ವರ್ಷ 7-10.

ಈಗ ಬೆಂಗಾಲ್ಸ್‌ಗೆ ಬರೋಣ. ನೀವು ಹೇಳಿದ ಅಂಕಿಗಳನ್ನು ಪೂರ್ತಿ ಬರೆಯುತ್ತೇನೆ. ಬರೋ 4,918 ಯಾರ್ಡ್, 43 ಟಚ್‌ಡೌನ್, ಎರಡರಲ್ಲೂ ಲೀಗ್‌ಗೆ ಮೊದಲು. ಇಂಟರ್‌ಸೆಪ್ಶನ್ (ಎದುರಾಳಿ ಹಿಡಿದ ಪಾಸ್) ಬರೀ 9. ಚೇಸ್ 127 ಕ್ಯಾಚ್, 1,708 ಯಾರ್ಡ್, 17 ಟಚ್‌ಡೌನ್. ಮೂರರಲ್ಲೂ ಮೊದಲು, ಅದಕ್ಕೆ ಟ್ರಿಪಲ್ ಕ್ರೌನ್ ಅನ್ನುತ್ತಾರೆ. ಹೆಂಡ್ರಿಕ್ಸನ್ 17.5 ಸ್ಯಾಕ್. ಚೇಸ್‌ಗಿಂತ ಮೊದಲು ಟ್ರಿಪಲ್ ಕ್ರೌನ್ ಗೆದ್ದವನು 2021ರಲ್ಲಿ ಲಾಸ್ ಏಂಜಲಿಸ್ ರ‍್ಯಾಮ್ಸ್‌ನ ಕೂಪರ್ ಕಪ್. ಅವನ ತಂಡ ಅದೇ ಸೀಸನ್‌ನಲ್ಲಿ ಸೂಪರ್ ಬೌಲ್ ಗೆದ್ದಿತು. ಫೈನಲ್‌ನಲ್ಲಿ ಸೋತದ್ದು ಬೆಂಗಾಲ್ಸೇ ಅಂತ ನಿಮಗೆ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಇದ್ದೂ ಏನಾಯಿತು? ಅವರ ಎಂಟು ಸೋಲುಗಳನ್ನು ಸಾಲಾಗಿ ನೋಡಿ. ಪೇಟ್ರಿಯಟ್ಸ್‌ಗೆ 16-10, ಚೀಫ್ಸ್‌ಗೆ 26-25, ಕಮಾಂಡರ್ಸ್‌ಗೆ 38-33, ರೇವನ್ಸ್‌ಗೆ 41-38, ಈಗಲ್ಸ್‌ಗೆ 37-17, ಮತ್ತೆ ರೇವನ್ಸ್‌ಗೆ 35-34, ಚಾರ್ಜರ್ಸ್‌ಗೆ 34-27, ಸ್ಟೀಲರ್ಸ್‌ಗೆ 44-38. ಈಗಲ್ಸ್ ಪಂದ್ಯ ಒಂದು ಬಿಟ್ಟರೆ ಎಲ್ಲವೂ ಕೈಗೆ ಬಂದು ಜಾರಿದವು. 33 ಅಥವಾ ಅದಕ್ಕಿಂತ ಹೆಚ್ಚು ಅಂಕ ಗಳಿಸಿಯೂ ನಾಲ್ಕು ಸಲ ಸೋತಿದ್ದಾರೆ. ಅಷ್ಟು ಗಳಿಸಿದರೆ ಸಾಮಾನ್ಯವಾಗಿ ಕೋಚ್ ನಾಲ್ಕನೇ ಕ್ವಾರ್ಟರ್‌ನಲ್ಲಿ ನಗುತ್ತಾ ನಿಂತಿರುತ್ತಾನೆ.

ರೇವನ್ಸ್ ಜೊತೆಗಿನ ಎರಡು ಪಂದ್ಯಗಳನ್ನೇ ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಬರೋ 392 ಯಾರ್ಡ್, 5 ಟಚ್‌ಡೌನ್. ಎರಡನೆಯದರಲ್ಲಿ 428 ಯಾರ್ಡ್, 4 ಟಚ್‌ಡೌನ್. ಒಟ್ಟು 820 ಯಾರ್ಡ್, 9 ಟಚ್‌ಡೌನ್, ಗೆಲುವು ಸೊನ್ನೆ. ಚೇಸ್ ಆ ಎರಡೇ ಪಂದ್ಯದಲ್ಲಿ 457 ಯಾರ್ಡ್, 5 ಟಚ್‌ಡೌನ್. ಮೊದಲ ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು, ಗೆಲುವಿನ 53 ಯಾರ್ಡ್ ಕಿಕ್‌ಗೆ ಚೆಂಡು ಸರಿಯಾಗಿ ನೆಲಕ್ಕೆ ಊರಲಿಲ್ಲ, ಕಿಕ್ ತಪ್ಪಿತು. ಎರಡನೆಯದರಲ್ಲಿ 38 ಸೆಕೆಂಡ್ ಇದ್ದಾಗ ಟಚ್‌ಡೌನ್ ಹೊಡೆದು 35-34ಕ್ಕೆ ಬಂದರು. ಒಂದು ಅಂಕದ ಕಿಕ್ ಹೊಡೆದು ಸಮ ಮಾಡಿಕೊಳ್ಳುವ ಬದಲು ಎರಡಕ್ಕೆ ಕೈ ಹಾಕಿದರು, ಸಿಗಲಿಲ್ಲ. ನನ್ನ ಪ್ರಕಾರ ಆ ನಿರ್ಧಾರ ಸರಿಯೇ, ಯಾಕೆಂದರೆ ಆ ದಿನ ಅವರ ಡಿಫೆನ್ಸ್‌ಗೆ ಯಾರನ್ನೂ ತಡೆಯುವ ಶಕ್ತಿ ಇರಲಿಲ್ಲ. ಇನ್ನೊಂದು ಅವಧಿ ಆಡಿದರೂ ಅಷ್ಟೇ ಆಗುತ್ತಿತ್ತು.

ನೀವು ಕೇಳಿದ್ದಕ್ಕೆ ಅರ್ಧ ಉತ್ತರ ಇಲ್ಲೇ ಇದೆ. ಬರೋ ಆ ಸೀಸನ್‌ನಲ್ಲಿ 652 ಪಾಸ್ ಎಸೆದ. ಅಷ್ಟೊಂದು ಎಸೆದದ್ದು ಯಾಕೆ? ಡಿಫೆನ್ಸ್ ಅಂಕ ಬಿಟ್ಟುಕೊಡುತ್ತಲೇ ಇತ್ತು, ಇವರು ಬೆನ್ನಟ್ಟುತ್ತಲೇ ಇದ್ದರು. ಹಿಂದೆ ಬಿದ್ದ ತಂಡ ಗಡಿಯಾರ ನಿಲ್ಲಿಸಲು, ಬೇಗ ಮುಂದೆ ಹೋಗಲು ಪಾಸ್ ಎಸೆಯಲೇಬೇಕು. ಮುಂದಿರುವ ತಂಡ ಚೆಂಡನ್ನು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಕೈಗಿಟ್ಟು ಗಡಿಯಾರ ತಿನ್ನಿಸುತ್ತದೆ. ಹಾಗಾಗಿ ಒಟ್ಟು ಪಾಸಿಂಗ್ ಯಾರ್ಡ್ ಅನ್ನುವುದು ಕ್ವಾರ್ಟರ್‌ಬ್ಯಾಕ್ ಎಷ್ಟು ಒಳ್ಳೆಯವನು ಅನ್ನುವುದರ ಜೊತೆಗೆ ಅವನ ತಂಡದ ಉಳಿದವರು ಅವನಿಗೆ ಎಷ್ಟು ಕೆಲಸ ಉಳಿಸಿದರು ಅಂತಲೂ ಹೇಳುತ್ತದೆ. ಸೀಸನ್ ಮುಗಿದ ಕೂಡಲೇ ಬೆಂಗಾಲ್ಸ್ ತಮ್ಮ ಡಿಫೆನ್ಸ್ ಕೋಚ್ ಲೂ ಅನರುಮೋನನ್ನು ಮನೆಗೆ ಕಳಿಸಿದ್ದು ಸುಮ್ನೆ ಅಲ್ಲ. ಹೆಂಡ್ರಿಕ್ಸನ್‌ನ 17.5 ಸ್ಯಾಕ್ ಇದನ್ನು ಮುಚ್ಚಿಹಾಕಿತ್ತು ಅಷ್ಟೇ. ಒಬ್ಬ ಎಷ್ಟೇ ನುಗ್ಗಿದರೂ ಅವನ ಹಿಂದೆ ಇನ್ನೂ ಹತ್ತು ಜನ ಇರುತ್ತಾರೆ.

ಎದುರು ಉದಾಹರಣೆ ಬೇಕಾ? ಆ ಸೀಸನ್‌ನ ಸೂಪರ್ ಬೌಲ್ ಗೆದ್ದ ಫಿಲಡೆಲ್ಫಿಯಾ ಈಗಲ್ಸ್‌ನ ಜೇಲೆನ್ ಹರ್ಟ್ಸ್ ಲೀಗ್ ಹಂತದಲ್ಲಿ ಎಸೆದದ್ದು 361 ಪಾಸ್, 2,903 ಯಾರ್ಡ್, 18 ಟಚ್‌ಡೌನ್. ಆಡಿದ್ದು 15 ಪಂದ್ಯ, ಸರಿ. ಆದರೂ ಬರೋಗಿಂತ 2,015 ಯಾರ್ಡ್ ಕಡಿಮೆ. ಫೈನಲ್‌ನ ಎಂವಿಪಿ (ಶ್ರೇಷ್ಠ ಆಟಗಾರ) ಅವನೇ. ಅವನು ಜಾಸ್ತಿ ಎಸೆಯಬೇಕಾಗಿರಲಿಲ್ಲ, ಯಾಕೆಂದರೆ ಒಂದು ಕಡೆ ಕೋಚ್ ವಿಕ್ ಫ್ಯಾಂಜಿಯೋ ಕಟ್ಟಿದ ಡಿಫೆನ್ಸ್ ಇಡೀ ಲೀಗ್‌ನಲ್ಲೇ ಅತಿ ಕಡಿಮೆ ಯಾರ್ಡ್ ಬಿಟ್ಟುಕೊಟ್ಟಿತ್ತು, ಇನ್ನೊಂದು ಕಡೆ ರನ್ನಿಂಗ್ ಬ್ಯಾಕ್ ಸೇಕ್ವಾನ್ ಬಾರ್ಕ್ಲಿ ಇದ್ದ.

ಬಾರ್ಕ್ಲಿ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಅದರ ಹಿಂದಿನ ವರ್ಷದವರೆಗೆ ಅವನು ನ್ಯೂಯಾರ್ಕ್ ಜೈಂಟ್ಸ್‌ನಲ್ಲಿದ್ದ. ಅವರು ಬಿಟ್ಟುಕೊಟ್ಟರು, ಈಗಲ್ಸ್ ಕರೆದುಕೊಂಡರು. 16 ಪಂದ್ಯದಲ್ಲಿ 345 ಸಲ ಓಡಿ 2,005 ಯಾರ್ಡ್, ಅಂದರೆ ಒಂದು ಓಟಕ್ಕೆ 5.8. ಜೈಂಟ್ಸ್ ಆ ವರ್ಷ 3-14. ಎರಿಕ್ ಡಿಕರ್ಸನ್ 1984ರಲ್ಲಿ ಮಾಡಿದ 2,105ರ ದಾಖಲೆ ಮುರಿಯಲು ಬಾರ್ಕ್ಲಿಗೆ ಬೇಕಾಗಿದ್ದದ್ದು ಇನ್ನು 101 ಯಾರ್ಡ್, ಉಳಿದಿದ್ದದ್ದು ಒಂದು ಪಂದ್ಯ, ಎದುರಾಳಿ ಯಾರು ಗೊತ್ತಾ? ಅದೇ ಜೈಂಟ್ಸ್! ಕಥೆ ಬರೆಯುವವರಿಗೂ ಇಷ್ಟು ಚೆನ್ನಾಗಿ ಹೊಂದಿಸಲು ಬರುವುದಿಲ್ಲ. ಆದರೆ ಈಗಲ್ಸ್‌ನ ಪ್ಲೇಆಫ್ ಸ್ಥಾನ ಆಗಲೇ ಖಾತ್ರಿಯಾಗಿತ್ತು, ಕೋಚ್ ನಿಕ್ ಸಿರಿಯಾನಿ ಅವನನ್ನು ಆಡಿಸಲಿಲ್ಲ. ಜನ ಬೈದರು. ನನಗೂ ಆಗ ಹೊಟ್ಟೆ ಚುರ್ ಅಂದಿತು, ಆದರೂ ಕೋಚ್ ಮಾಡಿದ್ದೇ ಸರಿ. ಪ್ಲೇಆಫ್‌ನಲ್ಲಿ ಅವನು 119, ಆಮೇಲೆ ಹಿಮ ಸುರಿಯುತ್ತಿದ್ದಾಗ ರ‍್ಯಾಮ್ಸ್ ಎದುರು 205, ಆಮೇಲೆ 118 ಯಾರ್ಡ್ ಓಡಿದ. ಫೈನಲ್‌ನಲ್ಲಿ ಚೀಫ್ಸ್ ಅವನನ್ನು 57ಕ್ಕೆ ಕಟ್ಟಿಹಾಕಿದರು. ಎಲ್ಲ ಸೇರಿದರೆ ಸೀಸನ್‌ಗೆ 2,504 ಯಾರ್ಡ್, ಪ್ಲೇಆಫ್ ಸೇರಿಸಿದ ಲೆಕ್ಕದಲ್ಲಿ ಯಾರೂ ಅಷ್ಟು ಮಾಡಿಲ್ಲ. 1998ರ ಟೆರೆಲ್ ಡೇವಿಸ್‌ನ 2,476 ಹಿಂದೆ ಬಿತ್ತು. 

ಆ ಫೈನಲ್ ಇದೆಯಲ್ಲ, ಫೆಬ್ರವರಿ 9, 2025, ನ್ಯೂ ಆರ್ಲಿಯನ್ಸ್, ಅಲ್ಲಿ ನಾನು ನೋಡುವ ಅಂಕಿ ಬಾರ್ಕ್ಲಿಯ 57 ಅಲ್ಲ. ಒಂದು ಸೊನ್ನೆ. ಕ್ವಾರ್ಟರ್‌ಬ್ಯಾಕ್‌ನನ್ನು ಗಲಿಬಿಲಿ ಮಾಡಲು ಡಿಫೆನ್ಸ್ ತಂಡಗಳು ಸಾಮಾನ್ಯವಾಗಿ ನುಗ್ಗುವ ನಾಲ್ವರ ಜೊತೆ ಇನ್ನೊಬ್ಬರನ್ನೋ ಇಬ್ಬರನ್ನೋ ಕಳಿಸುತ್ತಾರೆ, ಅದೇ ಬ್ಲಿಟ್ಸ್. ಫ್ಯಾಂಜಿಯೋ ಇಡೀ ಪಂದ್ಯದಲ್ಲಿ ಒಂದೇ ಒಂದು ಸಲವೂ ಬ್ಲಿಟ್ಸ್ ಕಳಿಸಲಿಲ್ಲ. ನಾಲ್ವರೇ ನುಗ್ಗಿ ಮಹೋಮ್ಸ್‌ನನ್ನು ಆರು ಸಲ ಕೆಡವಿದರು, ಉಳಿದ ಏಳು ಜನ ಹಿಂದೆ ನಿಂತು ಪಾಸ್‌ಗಳಿಗೆ ಕಾದರು. ಅವನು ಎಸೆಯಲು ಜಾಗ ಎಲ್ಲಿ? ಮೊದಲಾರ್ಧದಲ್ಲಿ ಚೀಫ್ಸ್ ಮುಂದೆ ಹೋದದ್ದು ಒಟ್ಟು 23 ಯಾರ್ಡ್, ಸ್ಕೋರ್ 24-0. ಮುಗಿದಾಗ 40-22, ಆ 22 ಕೂಡ ಎಲ್ಲ ಮುಗಿದ ಮೇಲೆ ಬಂದವು. ಬಿಗಿ ಪಂದ್ಯಗಳಲ್ಲಿ ಬದುಕಿಬಂದ ತಂಡಕ್ಕೆ ಫೈನಲ್ ಬಿಗಿಯಾಗಲೇ ಇಲ್ಲ.

ಹಾಗಂತ ಅಂಕಗಳ ಅಂತರವನ್ನೇ ಕಣ್ಣಿಗೊತ್ತಿಕೊಳ್ಳಬೇಡಿ. 222 ಅಂತರದ ಲಯನ್ಸ್ ಗತಿ ನೋಡಿ. ಲೀಗ್‌ನಲ್ಲೇ ಅತಿ ಹೆಚ್ಚು 564 ಅಂಕ ಗಳಿಸಿ, ತಮ್ಮ ಮೊದಲ ಪ್ಲೇಆಫ್ ಪಂದ್ಯದಲ್ಲಿ ಸ್ವಂತ ಮೈದಾನದಲ್ಲೇ ವಾಷಿಂಗ್ಟನ್ ಕಮಾಂಡರ್ಸ್‌ಗೆ 45-31ರಿಂದ ಸೋತರು. ಆ ರಾತ್ರಿ ಐದು ಸಲ ಚೆಂಡು ಕಳೆದುಕೊಂಡರು. ಡಿಫೆನ್ಸ್ ಕಡೆ ಅರ್ಧ ತಂಡ ಗಾಯಾಳುಗಳ ಪಟ್ಟಿಯಲ್ಲಿತ್ತು. ಅವರ ಏಡನ್ ಹಚಿನ್ಸನ್ ಐದು ಪಂದ್ಯದಲ್ಲಿ 7.5 ಸ್ಯಾಕ್ ಮಾಡಿ ಅಕ್ಟೋಬರ್‌ನಲ್ಲಿ ಕಾಲು ಮುರಿದುಕೊಂಡಿದ್ದ. ಸೆಪ್ಟೆಂಬರ್‌ನ ಅಂಕಗಳೂ ಆ 222ರಲ್ಲಿ ಸೇರಿವೆ, ಆದರೆ ಜನವರಿಯಲ್ಲಿ ಮೈದಾನಕ್ಕೆ ಇಳಿದದ್ದು ಆ ತಂಡ ಅಲ್ಲ.

ಚೆಂಡು ಕಳೆದುಕೊಳ್ಳುವ ಲೆಕ್ಕವೂ ಹಾಗೇ, ಯಾವಾಗ ಕೈ ಹಿಡಿಯುತ್ತದೆ, ಯಾವಾಗ ಕೈ ಕೊಡುತ್ತದೆ ಹೇಳಲಾಗದು. ಇದೇ ಲಯನ್ಸ್‌ನ ಜ್ಯಾರೆಡ್ ಗಾಫ್ ಸೆಪ್ಟೆಂಬರ್ 30ರಂದು ಸೀಹಾಕ್ಸ್ ಎದುರು 18 ಪಾಸ್ ಎಸೆದು 18ನ್ನೂ ಮುಟ್ಟಿಸಿದ. ಒಂದೂ ತಪ್ಪದೆ ಒಂದು ಪಂದ್ಯದಲ್ಲಿ ಅಷ್ಟು ಪಾಸ್ ಅದುವರೆಗೆ ಯಾರೂ ಮಾಡಿರಲಿಲ್ಲ. ನವೆಂಬರ್ 10ರಂದು ಅವನೇ ಟೆಕ್ಸನ್ಸ್ ಎದುರು ಐದು ಇಂಟರ್‌ಸೆಪ್ಶನ್ ಎಸೆದ. ಐದು ಎಸೆದರೆ ಪಂದ್ಯ ಕೈಬಿಟ್ಟ ಹಾಗೇ. ಆದರೂ ಲಯನ್ಸ್ ಕಿಕ್ಕರ್ ಜೇಕ್ ಬೇಟ್ಸ್ 58 ಯಾರ್ಡ್‌ನಿಂದ ಸಮ ಮಾಡಿದ, ಕೊನೆಗೆ 52 ಯಾರ್ಡ್‌ನಿಂದ ಗೆಲ್ಲಿಸಿದ, 26-23. ಇವೆರಡರ ನಡುವೆ ಅಕ್ಟೋಬರ್ 27ರಂದು ಟೈಟನ್ಸ್ ಎದುರು ಇನ್ನೊಂದು ವಿಚಿತ್ರ. ಟೈಟನ್ಸ್ 416 ಯಾರ್ಡ್ ಮುಂದೆ ಹೋದರು, ಲಯನ್ಸ್ ಬರೀ 225. ಗಾಫ್ ಎಸೆದದ್ದು 85 ಯಾರ್ಡ್. ಸ್ಕೋರ್ 52-14, ಗೆದ್ದದ್ದು ಲಯನ್ಸ್! ಟೈಟನ್ಸ್ ನಾಲ್ಕು ಸಲ ಚೆಂಡು ಕಳೆದುಕೊಂಡರು, ಇವರ ಕಾಲಿಫ್ ರೇಮಂಡ್ ಒಂದು ಪಂಟ್ (ಚೆಂಡು ಬಿಟ್ಟುಕೊಡುವಾಗ ಎದುರಾಳಿ ದೂರಕ್ಕೆ ಒದೆಯುವುದು) ಹಿಡಿದು 90 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ. ಆಟ ಶುರುವಾಗುವ ಜಾಗವೇ ಎದುರಾಳಿಯ ಬಾಗಿಲಲ್ಲಿದ್ದರೆ ಯಾರ್ಡ್ ಯಾರಿಗೆ ಬೇಕು?

ಅದೇ ಅಕ್ಟೋಬರ್ 27ರ ಸಂಜೆ ಇನ್ನೂ ಒಂದು ನಡೆಯಿತು. ಚಿಕಾಗೋ ಬೇರ್ಸ್ ಆಗ 4-2, ಕಮಾಂಡರ್ಸ್ ಎದುರು 15-12ರಲ್ಲಿ ಮುಂದೆ. ಕೊನೆಯ ಎಸೆತ. ಕಮಾಂಡರ್ಸ್‌ನ ಹೊಸ ಹುಡುಗ ಜೇಡನ್ ಡೇನಿಯಲ್ಸ್ ದೇವರ ಮೇಲೆ ಭಾರ ಹಾಕಿ ಎಸೆದ, ಗುಂಪಿನಲ್ಲಿ ಯಾರದ್ದೋ ಕೈಗೆ ತಾಗಿ ಚಿಮ್ಮಿದ ಚೆಂಡು ಹಿಂದೆ ಒಬ್ಬನೇ ನಿಂತಿದ್ದ ನೋವಾ ಬ್ರೌನ್ ಕೈಗೆ ಬಂತು. 18-15. ಅದೂ ಸೇರಿ ಬೇರ್ಸ್ ಸಾಲಾಗಿ ಹತ್ತು ಪಂದ್ಯ ಸೋತರು. ಕಮಾಂಡರ್ಸ್ ಹಿಂದಿನ ವರ್ಷ 4-13 ಇದ್ದವರು 12-5ಕ್ಕೆ ಏರಿ ಲಯನ್ಸ್‌ನನ್ನು ಮನೆಗೆ ಕಳಿಸುವವರೆಗೆ ಹೋದರು. ಒಂದು ಚೆಂಡು ಚಿಮ್ಮಿದ್ದಕ್ಕೇ ಇದೆಲ್ಲ ಆಯಿತು ಅಂತ ಹೇಳಲಾರೆ. ಬೇರ್ಸ್‌ನ ಕೇಲೆಬ್ ವಿಲಿಯಮ್ಸ್ ಆ ಸೀಸನ್‌ನಲ್ಲಿ 68 ಸಲ ಸ್ಯಾಕ್ ಆದ. ಅಷ್ಟು ಸಲ ನೆಲಕ್ಕೆ ಬೀಳುವ ಕ್ವಾರ್ಟರ್‌ಬ್ಯಾಕ್ ಇದ್ದರೆ ಸೋಲಿಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ದೊಡ್ಡ ಅಂಕಿ ಇದ್ದೂ ಸೋಲುವ ಕಥೆಯಲ್ಲಿ ನಿಮ್ಮ ಬರೋಗೆ ಒಬ್ಬ ಜೊತೆಗಾರ ಇದ್ದಾನೆ. ಬಫಲೋ ಬಿಲ್ಸ್‌ನ ಜಾಶ್ ಆಲೆನ್ ಡಿಸೆಂಬರ್ 8ರಂದು ರ‍್ಯಾಮ್ಸ್ ಎದುರು ಮೂರು ಟಚ್‌ಡೌನ್ ಎಸೆದ, ಮೂರು ತಾನೇ ಓಡಿ ಮಾಡಿದ. ಲೀಗ್ ಹಂತದ ಪಂದ್ಯದಲ್ಲಿ ಹಾಗೆ ಮೊದಲು ಯಾರೂ ಮಾಡಿರಲಿಲ್ಲ. ಸೋತರು, 44-42. ಅದರ ಹಿಂದಿನ ವಾರ ಹಿಮದಲ್ಲಿ 49ಅರ್ಸ್ ಎದುರು ಅವನು ಅಮಾರಿ ಕೂಪರ್‌ಗೆ ಪಾಸ್ ಎಸೆದ, ಕೂಪರ್ ಬೀಳುವ ಮೊದಲು ಚೆಂಡನ್ನು ಅವನಿಗೇ ವಾಪಸ್ ಕೊಟ್ಟ, ಅವನು ಓಡಿ ಗೆರೆ ದಾಟಿದ. ದಾಖಲೆ ಪುಸ್ತಕದಲ್ಲಿ ಒಂದೇ ಆಟಕ್ಕೆ ಅವನ ಹೆಸರಲ್ಲಿ ಎಸೆದ ಟಚ್‌ಡೌನೂ ಇದೆ, ಹಿಡಿದ ಟಚ್‌ಡೌನೂ ಇದೆ. ಸೀಸನ್‌ನ ಎಂವಿಪಿ ಅವನಿಗೇ ಹೋಯಿತು. ಅಂಕಿ ನೋಡಿದರೆ ರೇವನ್ಸ್‌ನ ಲಮಾರ್ ಜ್ಯಾಕ್ಸನ್ ಮುಂದಿದ್ದ: 4,172 ಯಾರ್ಡ್ ಎಸೆತ, 915 ಯಾರ್ಡ್ ಓಟ, 41 ಟಚ್‌ಡೌನ್‌ಗೆ ಬರೀ 4 ಇಂಟರ್‌ಸೆಪ್ಶನ್. 4,000 ಎಸೆದು 900 ಓಡಿದವರು ಅವನಿಗಿಂತ ಮೊದಲು ಯಾರೂ ಇಲ್ಲ. ಮೊದಲ ಸ್ಥಾನದ ಮತ ಆಲೆನ್‌ಗೆ 27, ಜ್ಯಾಕ್ಸನ್‌ಗೆ 23. ನಾನು ಮತ ಹಾಕುವವನಾಗಿದ್ದರೆ ಜ್ಯಾಕ್ಸನ್‌ಗೇ ಹಾಕುತ್ತಿದ್ದೆ.

ಯಾವ ಅಂಕಿ ನಂಬಬೇಕು ಅಂತ ಕೇಳಿದಿರಿ. ಒಟ್ಟು ಯಾರ್ಡ್ ನೋಡುವಾಗ ಎಷ್ಟು ಪ್ರಯತ್ನಕ್ಕೆ ಅಂತ ಪಕ್ಕದಲ್ಲೇ ಕೇಳಿ, ಬಾರ್ಕ್ಲಿಯ 5.8 ಆ 2,005ಕ್ಕಿಂತ ಜಾಸ್ತಿ ಹೇಳುತ್ತದೆ. ಗೆಲುವು-ಸೋಲಿನ ಪಕ್ಕದಲ್ಲಿ ಅಂಕಗಳ ಅಂತರ ಇಟ್ಟು ನೋಡಿ, ಎರಡೂ ಹೊಂದದಿದ್ದರೆ ಬಿಗಿ ಪಂದ್ಯಗಳನ್ನು ಎಣಿಸಿ. ಬೆಂಗಾಲ್ಸ್ ವಿಷಯದಲ್ಲಿ ಹೇಳುವುದಾದರೆ ಅರ್ಧ ಅದೃಷ್ಟ ಕೆಟ್ಟಿತ್ತು, ಅರ್ಧ ಡಿಫೆನ್ಸ್ ಕೆಟ್ಟಿತ್ತು. ಬರೋನದು ಟೊಳ್ಳು ಅಂಕಿ ಅಲ್ಲ. ಅಷ್ಟೊಂದು ಎಸೆದೂ ನೂರಕ್ಕೆ 70 ಮುಟ್ಟಿಸಿದವನನ್ನು ಟೊಳ್ಳು ಅನ್ನಲು ನನಗೆ ಬಾಯಿ ಬರುವುದಿಲ್ಲ. ಕೊನೆಯ ಐದು ಪಂದ್ಯ ಸಾಲಾಗಿ ಗೆದ್ದರು, ಬ್ರಾಂಕೋಸ್‌ನ್ನೂ ಹೆಚ್ಚುವರಿ ಅವಧಿಯಲ್ಲಿ 30-24ರಿಂದ ಸೋಲಿಸಿದರು. ಕೊನೆಯ ಭಾನುವಾರ ಅವರಿಗೆ ಬೇಕಾಗಿದ್ದದ್ದು ಡಾಲ್ಫಿನ್ಸ್ ಸೋಲಬೇಕು, ಬ್ರಾಂಕೋಸ್ ಸೋಲಬೇಕು. ಡಾಲ್ಫಿನ್ಸ್ ಸೋತರು. ಬ್ರಾಂಕೋಸ್‌ಗೆ ಎದುರಾಳಿ ಮುಖ್ಯ ಆಟಗಾರರನ್ನು ಕೂರಿಸಿದ ಚೀಫ್ಸ್. ಮೇಲೆ ಹೇಳಿದ 38-0 ಅದೇ ಪಂದ್ಯ. ಸೆಪ್ಟೆಂಬರ್‌ನಲ್ಲಿ ಗೆದ್ದು ಒಂದು ಏಟು, ಜನವರಿಯಲ್ಲಿ ಸೋತು ಇನ್ನೊಂದು ಏಟು, ಎರಡೂ ಚೀಫ್ಸ್‌ರದ್ದೇ.

ಇನ್ನು ತೀರಾ ವಿಚಿತ್ರ ಅನ್ನಿಸಿದ್ದು. ಡಿಸೆಂಬರ್ 19, ಚಾರ್ಜರ್ಸ್ ಮತ್ತು ಬ್ರಾಂಕೋಸ್. ಈ ಆಟದಲ್ಲಿ ಹಳೇ ಕಾಲದ ಒಂದು ನಿಯಮ ಇನ್ನೂ ಉಳಿದಿದೆ. ಎದುರಾಳಿ ಪಂಟ್ ಮಾಡಿದ ಚೆಂಡನ್ನು ನೀವು ಕೈ ಎತ್ತಿ, ಓಡುವುದಿಲ್ಲ ಅಂತ ಸನ್ನೆ ಮಾಡಿ ಹಿಡಿದರೆ, ಅಲ್ಲಿಂದಲೇ ನೇರವಾಗಿ ಫೀಲ್ಡ್ ಗೋಲ್‌ಗೆ ಹೊಡೆಯಬಹುದು, ಎದುರಾಳಿಗಳು ಹತ್ತು ಯಾರ್ಡ್ ದೂರ ನಿಲ್ಲಬೇಕು, ಅಡ್ಡ ನುಗ್ಗುವ ಹಾಗಿಲ್ಲ. ಫೇರ್ ಕ್ಯಾಚ್ ಕಿಕ್. ಮೈದಾನದ ಮಧ್ಯದಲ್ಲಿ, ಅರ್ಧ ಮುಗಿಯುವ ಹೊತ್ತಿಗೆ ಇಂಥ ಅವಕಾಶ ಸಿಗುವುದೇ ಅಪರೂಪ, ಹಾಗಾಗಿ ಈ ನಿಯಮ ಇದೆ ಅಂತ ಬಹಳ ಅಭಿಮಾನಿಗಳಿಗೇ ಗೊತ್ತಿಲ್ಲ. ಆ ರಾತ್ರಿ ಮೊದಲಾರ್ಧದ ಕೊನೆಯ ಸೆಕೆಂಡುಗಳಲ್ಲಿ ಬ್ರಾಂಕೋಸ್ ಪಂಟ್ ಮಾಡಿದರು, ಚೆಂಡು ಹಿಡಿಯುವವನಿಗೆ ಅಡ್ಡಿ ಮಾಡಿದ್ದಕ್ಕೆ 15 ಯಾರ್ಡ್ ದಂಡ ತೆತ್ತರು, ಸಮಯ ಮುಗಿದಿದ್ದರೂ ಚಾರ್ಜರ್ಸ್‌ಗೆ ಒಂದು ಕಿಕ್ ಸಿಕ್ಕಿತು. ಕ್ಯಾಮರೂನ್ ಡಿಕರ್ 57 ಯಾರ್ಡ್‌ನಿಂದ ಹೊಡೆದು ಒಳಗೆ ಹಾಕಿದ. ಎನ್‌ಎಫ್‌ಎಲ್‌ನಲ್ಲಿ ಅದಕ್ಕೂ ಹಿಂದೆ ಇಂಥ ಕಿಕ್ ಒಳಗೆ ಹೋದದ್ದು 1976ರಲ್ಲಿ, ಹೊಡೆದವನು ರೇ ವರ್ಷಿಂಗ್, ಅವನೂ ಚಾರ್ಜರ್ಸ್‌ನವನೇ. 48 ವರ್ಷ! 21-10ರಲ್ಲಿ ಹಿಂದಿದ್ದ ಚಾರ್ಜರ್ಸ್ 21-13 ಮಾಡಿಕೊಂಡು ಒಳಗೆ ಹೋದರು, ದ್ವಿತೀಯಾರ್ಧದಲ್ಲಿ ತಿರುಗಿಬಿದ್ದು 34-27ಕ್ಕೆ ಗೆದ್ದರು. ವಿಡಿಯೋ ಸಿಕ್ಕರೆ ನೋಡಿ, ಕಿಕ್‌ಗಿಂತ ಬ್ರಾಂಕೋಸ್ ಆಟಗಾರರ ಮುಖ ನೋಡಿ.